ಹಿಂದಿನ ಕಣ್ಣು

ನನ್ನ ಕುರ್ಚಿಯ ಎತ್ತರವನ್ನು ಯಾರೋ ಬದಲಾಯಿಸಿದ್ದರು. ಸೋಮವಾರ ಬೆಳಿಗ್ಗೆ ಕುಳಿತ ಕೂಡಲೇ ಗೊತ್ತಾಯಿತು. ಪಾದ ನೆಲಕ್ಕೆ ತಾಗದೆ ತೂಗಾಡಿತು. ಐದು ವರ್ಷಗಳಿಂದ ಆ ಕುರ್ಚಿಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಕುಳಿತಿರಲಿಲ್ಲ. ಯಜಮಾನರಾದ ಪ್ಯೋ ಅವರು ಕೂಡ ಏನಾದರೂ ತೋರಿಸಬೇಕಾದರೆ ನನ್ನ ಹಿಂದೆ ನಿಂತು, ಬಗ್ಗಿ, ಬೆರಳು ಚಾಚಿ ತೋರಿಸುತ್ತಿದ್ದರೇ ಹೊರತು ಏಳು ಎಂದವರಲ್ಲ.

"ಅಯ್ಯೋ, ಅದು ನಿಮ್ಮ ಕುರ್ಚಿನಾ? ನಿನ್ನೆ ಚಿಕ್ಕಪ್ಪ ಅಂಗಡಿ ತೋರಿಸ್ತಾ ಇದ್ರು, ಹಾಗೇ ಕೂತ್ಬಿಟ್ಟೆ. ಏನೂ ಅನ್ಕೋಬೇಡಿ."

ಬಾಗಿಲಲ್ಲಿ ನಿಂತು ಹೀಗೆ ಹೇಳಿದವಳು ಸೇಜಿನ್, ಯಜಮಾನರ ಹೆಂಡತಿಯ ಅಕ್ಕನ ಮಗಳು. ಎತ್ತರದ ಹುಡುಗಿ. ಎರಡು ವರ್ಷ ಕಾಲೇಜಿನಲ್ಲಿ ವಿಡಿಯೋ ಕೆಲಸ ಕಲಿತು, ರಾಜಧಾನಿ ಸೋಲ್‌ನಲ್ಲಿ ಮದುವೆಯ ವಿಡಿಯೋ ಮಾಡುವ ಕಡೆ ಕೆಲಸ ಮಾಡಿದ್ದಳಂತೆ. ಆ ಕಂಪನಿ ಮುಚ್ಚಿದ್ದರಿಂದ ನಮ್ಮೂರು ಗುನ್ಸಾನ್‌ಗೆ ವಾಪಸು ಬಂದಿದ್ದಳು. ಅವಳ ಕೈಯಲ್ಲಿ ಮೂರು ಲೋಟ ಕಾಫಿ ಇತ್ತು. ಪೊಟ್ಟಣದ ಕಾಫಿಯಲ್ಲ, ಹಾಲಿನ ನೊರೆ ಇರುವಂಥದ್ದು. ನನಗೂ ಒಂದು ತಂದಿದ್ದಳು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ನಮ್ಮ ಅಂಗಡಿ ಬಂದರಿಗೆ ಹೋಗುವ ದಾರಿಯಲ್ಲಿದೆ. ಕಾರುಗಳಿಗೆ ಬ್ಲ್ಯಾಕ್ ಬಾಕ್ಸ್ ಕೂರಿಸುವುದು ಮುಖ್ಯ ಕೆಲಸ. ಮುಂದಿನ ಗಾಜಿಗೆ ಒಂದು ಕ್ಯಾಮೆರಾ, ಹಿಂದಿನ ಗಾಜಿಗೆ ಒಂದು. ನಾವು ಮುಂದಿನ ಕಣ್ಣು, ಹಿಂದಿನ ಕಣ್ಣು ಎನ್ನುತ್ತೇವೆ. ಇಲ್ಲಿ ಬ್ಲ್ಯಾಕ್ ಬಾಕ್ಸ್ ಇಲ್ಲದ ಕಾರು ಕಾಣಸಿಗುವುದಿಲ್ಲ. ರಸ್ತೆಯಲ್ಲಿ ಎರಡು ಗಾಡಿ ತಾಗಿದರೆ ಜನ ಜಗಳಕ್ಕೆ ನಿಲ್ಲುವುದಿಲ್ಲ. "ಬ್ಲ್ಯಾಕ್ ಬಾಕ್ಸ್ ನೋಡೋಣ" ಎಂದಷ್ಟೇ ಹೇಳಿ ಅದರ ಮೆಮೊರಿ ಕಾರ್ಡು ಕಿತ್ತುಕೊಂಡು ನಮ್ಮಂಥವರ ಬಳಿ ಬರುತ್ತಾರೆ.

ಆ ಕಾರ್ಡಿನ ಕೆಲಸ ನನ್ನದು. ಬೇಕಾದ ನಿಮಿಷವನ್ನು ಹುಡುಕಿ, ಕತ್ತರಿಸಿ, ಪೊಲೀಸರ ಕಂಪ್ಯೂಟರಿನಲ್ಲೂ ವಿಮೆಯವರ ಫೋನಿನಲ್ಲೂ ತೆರೆಯುವಂತೆ ಬದಲಾಯಿಸಿ ಕೊಡಬೇಕು. ಒಂದೊಂದು ಕಂಪನಿಯ ಬ್ಲ್ಯಾಕ್ ಬಾಕ್ಸಿನದು ಒಂದೊಂದು ಹಟ. ಒಂದರ ಫೈಲು ಇನ್ನೊಂದರ ತಂತ್ರಾಂಶದಲ್ಲಿ ತೆರೆಯುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಇಪ್ಪತ್ತಮೂರು ಕಂಪನಿಗಳ ತಂತ್ರಾಂಶಗಳಿದ್ದವು. ಅವುಗಳ ಜೊತೆಗೆ, ಕತ್ತರಿಸಿ ಬದಲಾಯಿಸಲು ಒಂದು ಹಳೆಯ ಉಚಿತ ತಂತ್ರಾಂಶ. ಬೂದು ಬಣ್ಣದ್ದು, ಪುಟ್ಟ ಪುಟ್ಟ ಗುಂಡಿಗಳದ್ದು. ಯಾವ ಗುಂಡಿ ಯಾವಾಗ ಒತ್ತಬೇಕೆಂದು ಸುರುಳಿ ತಂತಿಯ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದು ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಯಾರೂ ಅವಸರ ಮಾಡುತ್ತಿರಲಿಲ್ಲ. ಮುಖ್ಯವಾಗಿ, ಆ ಕುರ್ಚಿ ಗೋಡೆಯ ಕಡೆ ಮುಖ ಮಾಡಿತ್ತು. ಗಿರಾಕಿಗಳ ಮುಖ ನೋಡಿ ಮಾತಾಡುವುದೆಂದರೆ ನನಗೆ ಆಗಿಬರದ ಕೆಲಸ. ಗೋಡೆಯ ಕಡೆ ತಿರುಗಿ, ಬೇರೆಯವರ ರಸ್ತೆಗಳನ್ನು ನೋಡುತ್ತ ಬದುಕಿಬಿಡಬಹುದು ಎಂದುಕೊಂಡಿದ್ದೆ.

ಕಾಫಿ ಕುಡಿದು ಮುಗಿಸಿದ ಯಜಮಾನರು ಕೈ ತಟ್ಟಿದರು.

"ನೋಡ್ರಮ್ಮಾ. ಪಕ್ಕದ ಬೀದಿ ಅಂಗಡೀಲಿ ಹತ್ತು ನಿಮಿಷಕ್ಕೆ ವಿಡಿಯೋ ಕೊಡ್ತಾರಂತೆ. ನಮ್ಮಲ್ಲಿ ಕಾಯ್ದು ಕಾಯ್ದು ಗಿರಾಕಿ ಗಡ್ಡ ಬೆಳೆಸ್ಕೊಂಡು ಹೋಗ್ತಾನೆ. ಸೇಜಿನ್ ಹತ್ರ ಹೊಸಾ ಸಾಫ್ಟ್‌ವೇರ್ ಇದೆ. ಬೋರಾ ಹತ್ರ ಹಳೇದಿದೆ. ಈ ವಾರ ಇಬ್ರೂ ಮಾಡಿ. ಶನಿವಾರ ನಾನು ಒಂದನ್ನ ಆರಿಸ್ತೀನಿ. ಆರಿಸಿದ ಮೇಲೆ ಅದನ್ನ ನಡೆಸೋರೇ ಆ ಕುರ್ಚೀಲಿ ಕೂರೋದು. ಇನ್ನೊಬ್ರು ನನ್ನ ಜೊತೆ ಹೊರಗೆ, ವೈರು ಎಳೆಯೋಕೆ."

"ಚಿಕ್ಕಪ್ಪಾ, ಇದೇನು ಹಾಡಿನ ಸ್ಪರ್ಧೆನಾ?" ಎಂದು ಸೇಜಿನ್ ನಕ್ಕಳು.

ಯಜಮಾನರೂ ನಕ್ಕರು. ಐದು ವರ್ಷದಲ್ಲಿ ನನ್ನ ಮಾತಿಗೆ ಅವರು ಹಾಗೆ ನಕ್ಕಿದ್ದು ನೆನಪಿಲ್ಲ. ನಾನು ಅಂಥ ಮಾತು ಆಡಿದ್ದೂ ನೆನಪಿಲ್ಲ.

ಮಧ್ಯಾಹ್ನ ಮೂವರೂ ಎದುರಿನ ಹೋಟೆಲಿನಲ್ಲಿ ಜ್ಜಾಂಪೊಂಗ್ ನೂಡಲ್ಸ್ ತಿನ್ನಲು ಹೋದೆವು. ಕೆಂಪು ಸಾರಿನಿಂದ ಚಿಪ್ಪುಗಳನ್ನು ಆರಿಸಿ ಪಕ್ಕಕ್ಕಿಡುತ್ತ ಸೇಜಿನ್ ಕೇಳಿದಳು.

"ಬೋರಾ ಅವ್ರೇ, ನೀವು ಯಾವ ವರ್ಷ ಹುಟ್ಟಿದ್ದು?"

"ಎರಡು ಸಾವಿರದ ಒಂದು. ಫೆಬ್ರವರಿ."

"ಓ, ಬೇಗ ಹುಟ್ಟಿದವ್ರು! ಹಾಗಾದ್ರೆ ಸ್ಕೂಲಲ್ಲಿ ಎರಡು ಸಾವಿರದವ್ರ ಜೊತೆ ಇದ್ರಿ. ನಾನೂ ಎರಡು ಸಾವಿರ. ಯಾವ ಬ್ಯಾಚು ನೀವು? ನಾನು ಹತ್ತೊಂಬತ್ತರ ಬ್ಯಾಚು. ನೀವೂ ಅದೇ ಆದ್ರೆ ನಾವಿಬ್ರೂ ಗೆಳತೀರು. 'ನೀವು' 'ತಾವು' ಎಲ್ಲ ಬಿಟ್ಟು 'ನೀನು' ಅಂತ ಮಾತಾಡ್ಬೋದು."

ಕಾಲೇಜು ಸೇರಿದ ವರ್ಷವನ್ನು ಕೇಳುತ್ತಿದ್ದಳು. ಎಲ್ಲರೂ ಎಲ್ಲರನ್ನೂ ಹೀಗೆಯೇ ಕೇಳುತ್ತಾರೆ. ಕೇಳದೆ ಯಾರನ್ನು ಅಕ್ಕ ಎನ್ನಬೇಕು, ಯಾರನ್ನು ಹೆಸರು ಹಿಡಿದು ಕರೆಯಬೇಕು ಎಂದು ತಿಳಿಯುವುದು ಹೇಗೆ? ಆದರೆ ನಾನು ಹೈಸ್ಕೂಲನ್ನೇ ನಡುವೆ ಬಿಟ್ಟವಳು. ನನಗೆ ಬ್ಯಾಚು ಇಲ್ಲ. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರು ಒಂದು ವರ್ಷ ಮೊದಲೇ ಶಾಲೆಗೆ ಸೇರಿ ಹಿರಿಯರ ಸಮಕ್ಕೆ ನಿಲ್ಲುತ್ತಾರೆ, ನಿಜ. ಶಾಲೆಯನ್ನೇ ಬಿಟ್ಟವಳು ಯಾವ ಮುಖದಿಂದ ಆ ಲೆಕ್ಕ ಹಿಡಿಯುವುದು? ಬ್ಯಾಚಿಲ್ಲ ಎಂದರೆ ನಾನು ಅವಳಿಗಿಂತ ಕಿರಿಯಳು. ಅಕ್ಕ ಎನ್ನಬೇಕು.

"ನಾವು 'ನೀವು' ಅಂತಾನೇ ಇರೋಣ," ಎಂದೆ.

ಅವಳ ಮುಖ ಒಂದು ಗಳಿಗೆ ಬಾಡಿತು. ಯಜಮಾನರು ಕೆಮ್ಮಿ ಮೂಲಂಗಿಯ ಬಟ್ಟಲನ್ನು ಅವಳ ಕಡೆ ಸರಿಸಿದರು. ಮೊದಲೆಲ್ಲ ಆ ಬಟ್ಟಲನ್ನು ನನ್ನ ಕಡೆ ಸರಿಸುತ್ತಿದ್ದರು.

ಅಂದು ಸಂಜೆ ಅವಳು ನನ್ನ ಪುಸ್ತಕ ಕೇಳಿದಳು. "ಅಂಗಡಿ ಪದ್ಧತಿ ಏನೇನಿದೆ ಅಂತ ನೋಡ್ಕೋತೀನಿ. ಫೋಟೋ ತಗೊಂಡು ಕೊಟ್ಬಿಡ್ತೀನಿ." ಐದು ವರ್ಷ ಬೆವರು ಹರಿಸಿ ಬರೆದದ್ದು, ಐದು ನಿಮಿಷದಲ್ಲಿ ಫೋಟೋ! "ಮುಂದಿನ ಪುಟಗಳೆಲ್ಲ ಗೀಚಾಟ, ನಿಮಗೆ ಅರ್ಥ ಆಗಲ್ಲ," ಎಂದು ಕೊನೆಯ ಪುಟವೊಂದನ್ನು ಮಾತ್ರ ಬಿಡಿಸಿ ಹಿಡಿದೆ. ವಿಡಿಯೋ ಸಿದ್ಧವಾದ ಮೇಲೆ ಮಾಡಬೇಕಾದದ್ದು ಅದರಲ್ಲಿತ್ತು: ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಒರೆಸಿ, ಲಕೋಟೆಯಲ್ಲಿಟ್ಟು ಕೊಡುವುದು, ಉಚಿತ ಸೇವೆ. ಕಾರ್ಡನ್ನು ಆಗಾಗ ಫಾರ್ಮ್ಯಾಟ್ ಮಾಡದಿದ್ದರೆ ಬ್ಲ್ಯಾಕ್ ಬಾಕ್ಸ್ ಮುಷ್ಕರ ಹೂಡುತ್ತದೆ, ಅದಕ್ಕೇ. ಅವಳು ಫೋಟೋ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದಳು.

ಪುಸ್ತಕದ ಮೊದಲ ಪುಟದ ಮೊದಲ ಸಾಲು ಹೀಗಿದೆ: ಏನನ್ನೂ ಮುಟ್ಟುವ ಮೊದಲು ಕಾರ್ಡಿನಲ್ಲಿರುವುದನ್ನೆಲ್ಲ ನಕಲು ಮಾಡಿಟ್ಟುಕೊಳ್ಳುವುದು. ಅದನ್ನು ನಾನು ತೋರಿಸಲಿಲ್ಲ.

ಮಂಗಳವಾರದಿಂದ ಕುರ್ಚಿಯ ಸರದಿ ಅವಳದು. ಗಿರಾಕಿಯೊಬ್ಬ ನಿಲ್ಲಿಸಿದ್ದ ಕಾರಿಗೆ ಯಾರೋ ಗುದ್ದಿ ಓಡಿದ್ದರು. ಸೇಜಿನ್ ತನ್ನ ತಂತ್ರಾಂಶದಲ್ಲಿ ನೆರಳನ್ನು ಎತ್ತಿ, ಮಸುಕನ್ನು ಒರೆಸಿ, ನಂಬರ್ ಪ್ಲೇಟನ್ನು ಬೆಳಕಿಗೆ ತಂದಳು. ಗಿರಾಕಿ ಅವಳನ್ನು ಗೌರವದಿಂದ "ಟೀಚರ್" ಎಂದು ಕರೆದ. ನನ್ನನ್ನು ಇಷ್ಟು ವರ್ಷ ಎಲ್ಲರೂ "ಏನಮ್ಮಾ, ಇಲ್ಲಿ" ಎಂದೇ ಕರೆದದ್ದು. ಇನ್ನೊಂದು ವಿಡಿಯೋದಲ್ಲಿ ದಾರಿಹೋಕರ ಮುಖ ಮರೆಸಬೇಕಿತ್ತು. ನಾನು ಒಂದೊಂದು ಚಿತ್ರಕ್ಕೂ ಚೌಕ ಎಳೆದು ಮರೆಸುವ ಕೆಲಸವದು. ಅವಳ ತಂತ್ರಾಂಶದಲ್ಲಿ ಒಮ್ಮೆ ಮುಖ ತೋರಿಸಿದರೆ ಸಾಕು, ಮಸುಕಿನ ತೇಪೆ ತಾನೇ ಆ ಮುಖದ ಹಿಂದೆ ಹಿಂದೆ ಹೋಗುತ್ತದೆ, ಸಾಕಿದ ನಾಯಿಯ ಹಾಗೆ. ನಾನು ಹೊರಗೆ ಕಾರಿನ ಬಾಗಿಲ ರಬ್ಬರಿನೊಳಗೆ ವೈರು ತುರುಕುತ್ತ ಗಾಜಿನಿಂದಲೇ ನೋಡುತ್ತಿದ್ದೆ.

ಸಂಜೆ ಯಜಮಾನರು ಮೀನಿನಾಕಾರದ ಬಿಸಿ ರೊಟ್ಟಿಗಳ ಪೊಟ್ಟಣ ತಂದರು. ಒಳಗೆ ಸಿಹಿ ಹೂರಣವಿರುವಂಥದ್ದು. ಅಂಚು ಸುಟ್ಟು ಗರಿಗರಿಯಾದದ್ದು ನನಗಿಷ್ಟವೆಂದು ಯಾವಾಗಲೂ ಅದನ್ನು ನನಗಾಗಿ ಎತ್ತಿಡುತ್ತಿದ್ದರು. ಅಂದು ಪೊಟ್ಟಣವನ್ನು ಸೇಜಿನ್ ಮುಂದೆ ಚಾಚಿದರು. ಅವಳು ಒಳಗೆ ನೋಡಿ, ಸರಿಯಾಗಿ ಅದನ್ನೇ ತೆಗೆದುಕೊಂಡಳು.

ಮನೆಗೆ ಹೋಗಿ ಅವಳ ತಂತ್ರಾಂಶವನ್ನೇ ನನ್ನ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಏಳು ದಿನ ಪುಕ್ಕಟೆ, ವಿಡಿಯೋದ ನಡುವೆ ಕಂಪನಿಯ ದೊಡ್ಡ ಮುದ್ರೆ. ಒಂದೊಂದೇ ಕುಂದು ಹುಡುಕಿದೆ. ಭಾರ ಜಾಸ್ತಿ. ತಿಂಗಳು ತಿಂಗಳೂ ಬಾಡಿಗೆ ಕೇಳುತ್ತದೆ. ಆದರೆ ಒಳ್ಳೆಯದಿತ್ತು. ಎಷ್ಟು ಒಳ್ಳೆಯದಿತ್ತೆಂದರೆ ಲ್ಯಾಪ್‌ಟಾಪನ್ನು ದಡಾರನೆ ಮುಚ್ಚಿದೆ. ಮತ್ತೆ ತೆರೆದೆ. ನಮ್ಮಲ್ಲಿಗೆ ಬರುವ ಒಂದೊಂದು ಬಗೆಯ ಫೈಲನ್ನೂ ಅದಕ್ಕೆ ತಿನ್ನಿಸಿ ನೋಡಿದೆ. ಕೊನೆಗೂ ಸಿಕ್ಕಿತು.

ಕೆಲವು ಹಳೆಯ ಬ್ಲ್ಯಾಕ್ ಬಾಕ್ಸ್‌ಗಳು ಮುಂದಿನ ಕಣ್ಣಿನದನ್ನೂ ಹಿಂದಿನ ಕಣ್ಣಿನದನ್ನೂ ಬೇರೆ ಬೇರೆಯಾಗಿ ಇಡುವುದಿಲ್ಲ. ಎರಡು ರಜಾಯಿಗಳನ್ನು ಒಟ್ಟಿಗೆ ಮಡಚಿಟ್ಟ ಹಾಗೆ, ಒಂದೇ ಫೈಲಿನೊಳಗೆ ಎರಡನ್ನೂ ಮಡಚಿಡುತ್ತವೆ. ಆ ಬಾಕ್ಸ್ ಮಾಡಿದ ಕಂಪನಿಯ ತಂತ್ರಾಂಶಕ್ಕೆ ಮಾತ್ರ ಈ ಮಡಿಕೆ ಗೊತ್ತು. ನನ್ನ ಹಳೆಯ ತಂತ್ರಾಂಶ, ಆ ಬೂದು ಮುದುಕನಿಗೂ ಗೊತ್ತು. ಸೇಜಿನ್‌ಳ ಚೆಂದದ ತಂತ್ರಾಂಶ ಮೇಲಿನದನ್ನು ಮಾತ್ರ ಕಂಡು, ಕೆಳಗಿನದನ್ನು ಇಲ್ಲವೇ ಇಲ್ಲವೆಂಬಂತೆ ಬಿಟ್ಟುಬಿಡುತ್ತಿತ್ತು. ಹಿಂದಿನ ಕಣ್ಣು ಮಾಯ! ನಾನು ಹಾಸಿಗೆಯ ಮೇಲೆ ಕುಳಿತು ಒಬ್ಬಳೇ ನಕ್ಕೆ. ಶನಿವಾರ ಯಜಮಾನರ ಮುಂದೆ ಇದನ್ನು ತೋರಿಸಿದರೆ ಸಾಕು. ಹೆಚ್ಚು ಮಾತೂ ಬೇಡ.

ಬುಧವಾರ ಬೆಳಿಗ್ಗೆ ಸಮುದ್ರದಿಂದ ಮಂಜು ನುಗ್ಗಿ ಬೀದಿಯೇ ಕಾಣಿಸುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮ್ಯಾಂಗ್ ಚಿಕ್ಕಮ್ಮ ಅಂಗಡಿಗೆ ಬಂದರು. ಅವರು ನನ್ನ ಸ್ವಂತ ಚಿಕ್ಕಮ್ಮ ಅಲ್ಲ. ಬೀದಿಯವರೆಲ್ಲ ಹಾಗೆ ಕರೆಯುತ್ತೇವೆ. ಕಂಪನಿಯ ಟ್ಯಾಕ್ಸಿ ಓಡಿಸುತ್ತಾರೆ. ಸ್ವಂತ ಟ್ಯಾಕ್ಸಿಯ ಪರವಾನಗಿ ಬೇಕೆಂದರೆ ತಮ್ಮ ತಪ್ಪಿನಿಂದ ಒಂದೂ ಅಪಘಾತ ಆಗದಂತೆ ವರ್ಷಗಟ್ಟಲೆ ಓಡಿಸಿರಬೇಕು. ಚಿಕ್ಕಮ್ಮ ಟ್ಯಾಕ್ಸಿಯ ಕ್ಯಾಲೆಂಡರಿನಲ್ಲಿ ದಿನ ದಿನಕ್ಕೂ ಗೀಟು ಹಾಕುತ್ತಿದ್ದರು.

"ಇನ್ನೊಂದೇ ತಿಂಗ್ಳು ಇತ್ತು ಕಣ್ರೋ! ಒಂದೇ ತಿಂಗ್ಳು!" ಒಳಗೆ ಬಂದವರೇ ಕುಸಿದು ಕೂತರು. "ಬೆಳಿಗ್ಗೆ ಆಸ್ಪತ್ರೆ ಮುಂದೆ ಒಬ್ರು ಕೈ ಅಡ್ಡ ಹಾಕಿದ್ರು. ಇಂಡಿಕೇಟರ್ ಹಾಕಿ, ಮೆಲ್ಲಗೆ ಬಲಕ್ಕೆ, ಫುಟ್‌ಪಾತಿನ ಕಡೆ ಸರಿದೆ. ಊಟ ಸಾಗಿಸೋ ಸ್ಕೂಟರಿನ ಹುಡುಗ ಒಬ್ಬ ಹಿಂದಿನಿಂದ ಬಂದು ಫುಟ್‌ಪಾತಿಗೂ ನನಗೂ ಮಧ್ಯೆ ತೂರಿ ಹೊಡ್ಕೊಂಡ. ಕೈ ಮುರಿದಿದೆ ಪಾಪ. ಆದ್ರೆ ಏನಂತಾನೆ, ಇಂಡಿಕೇಟರೇ ಹಾಕಿಲ್ಲ, ಏಕ್‌ದಂ ತಿರುಗಿಸಿದ್ಲು ಅಂತಾನೆ!"

"ಇಂಡಿಕೇಟರ್ ಟಿಕ್ ಟಿಕ್ ಅನ್ನೋ ಸದ್ದು ಕೇಳಿಸುತ್ತಲ್ಲ?" ಎಂದಳು ಸೇಜಿನ್.

"ಟ್ಯಾಕ್ಸೀಲಿ ಧ್ವನಿ ರೆಕಾರ್ಡ್ ಮಾಡಂಗಿಲ್ಲ ಮಗಳೇ. ಪ್ರಯಾಣಿಕರ ಮಾತು ಕದ್ದು ಕೇಳ್ದಂಗೆ ಆಗುತ್ತೆ. ಬರೀ ಚಿತ್ರ."

"ಚಿಂತೆ ಮಾಡ್ಬೇಡಿ ಚಿಕ್ಕಮ್ಮ. ಊಟ ಮಾಡ್ಕೊಂಡು ಬಂದು ಕೂತ್ಕೋತೀನಿ. ಮೂರು ಗಂಟೆಗೆ ಬನ್ನಿ."

ಸೇಜಿನ್ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಯಜಮಾನರೊಂದಿಗೆ ಊಟಕ್ಕೆ ಹೋದಳು. ಅಂದು ಯಜಮಾನರ ಹೆಂಡತಿ ಮನೆಯಲ್ಲೇ ಏನೋ ವಿಶೇಷ ಮಾಡಿದ್ದರಂತೆ. ನನ್ನನ್ನೂ ಕರೆದರು. ನಾನು ಊಟಕ್ಕೆ ಕಿಂಬಾಪ್ ತಂದಿದ್ದೇನೆ ಎಂದೆ.

ಅಂಗಡಿಯಲ್ಲಿ ನಾನೊಬ್ಬಳೇ. ಕಾರ್ಡು ಕಂಪ್ಯೂಟರಿನಲ್ಲಿತ್ತು. ಅದು ನನ್ನ ಕೆಲಸವಲ್ಲ. ಆದರೂ ಅವಳಿಗಿಂತ ಮೊದಲು ನೋಡಬೇಕೆನಿಸಿತು. ಕುರ್ಚಿಯನ್ನು ನನ್ನ ಎತ್ತರಕ್ಕೆ ಇಳಿಸಿ ಕುಳಿತೆ. ಕೈ ಅಭ್ಯಾಸದಂತೆ ಮೊದಲು ಎಲ್ಲವನ್ನೂ ನನ್ನ ಪೆನ್‌ಡ್ರೈವಿಗೆ ನಕಲು ಮಾಡಿತು. ಆಮೇಲೆ ಆ ಕಂಪನಿಯ ತಂತ್ರಾಂಶ ತೆರೆದೆ. ಎರಡು ರಜಾಯಿಯ ಬ್ಲ್ಯಾಕ್ ಬಾಕ್ಸೇ ಅದು.

ಮುಂದಿನ ಕಣ್ಣಿನಲ್ಲಿ ಮಂಜು, ಕೈ ಎತ್ತಿದ ಒಬ್ಬ ಮುದುಕ, ಒಂದು ಕುಲುಕು. ಅಷ್ಟೇ. ಹಿಂದಿನ ಕಣ್ಣಿನಲ್ಲೂ ಮಂಜೇ. ಆದರೆ ಆ ಬಿಳಿ ಮಂಜಿನಲ್ಲಿ ಫುಟ್‌ಪಾತಿನ ಕಡೆಯ ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿತು. ಆರಿತು. ಮತ್ತೆ ಕಿತ್ತಳೆಯಾಯಿತು. ಇಂಡಿಕೇಟರಿನ ದೀಪ ಕಾಣದು, ಅದರ ಬೆಳಕು ಮಂಜಿಗೆ ಬಡಿಯುತ್ತಿತ್ತು. ಸ್ಕೂಟರು ಕಾಣಿಸುವ ಮೊದಲು ಏಳು ಸಲ ಹತ್ತಿ ಆರಿತು. ಎಣಿಸಿದೆ. ಮೂರು ಸಲ ಹಿಂದಕ್ಕೆ ಎಳೆದು ಎಣಿಸಿದೆ. ಸ್ಕೂಟರಿನ ಹುಡುಗನ ತಲೆ ಹಿಡಿಕೆಯ ಮೇಲಿನ ಫೋನಿನ ಕಡೆ ಬಗ್ಗಿತ್ತು.

ಚಿಕ್ಕಮ್ಮನ ತಪ್ಪಿಲ್ಲ ಎಂದು ಸಮಾಧಾನವಾಯಿತು ಎಂದು ಬರೆಯಬೇಕು. ನಿಜ ಹೇಳಬೇಕೆಂದರೆ ನನಗೆ ಮೊದಲು ಹೊಳೆದದ್ದು ಶನಿವಾರ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು?

ಕುರ್ಚಿಯನ್ನು ಅವಳ ಎತ್ತರಕ್ಕೇ ಏರಿಸಿಟ್ಟು ಎದ್ದೆ.

ಎರಡು ಗಂಟೆಗೆ ಸೇಜಿನ್ ಕೆಲಸಕ್ಕೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ತಲೆ ಕೆರೆದುಕೊಂಡಳು.

"ಬೋರಾ ಅವ್ರೇ, ಹಿಂದಿನ ಕ್ಯಾಮೆರಾದ್ದು ಬೇರೆ ಫೋಲ್ಡರಲ್ಲಿ ಇರುತ್ತಾ? ಕಾಣ್ತಾ ಇಲ್ಲ."

ನಾನು ಗಾಜು ಒರೆಸುತ್ತಿದ್ದೆ. ತಿರುಗಲಿಲ್ಲ.

"ಬೇರೆ ಫೋಲ್ಡರಲ್ಲಿ ಇರಲ್ಲ," ಎಂದೆ.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಷ್ಟು ದೊಡ್ಡ ಸುಳ್ಳನ್ನು ನಾನು ಬೇರೆ ಯಾವತ್ತೂ ಹೇಳಿಲ್ಲ.

"ಹಾಗಾದ್ರೆ ಹಿಂದಿನದು ಕೆಟ್ಟಿರ್ಬೇಕು," ಎಂದುಕೊಂಡು ಅವಳು ಮುಂದಿನದನ್ನೇ ತಿದ್ದತೊಡಗಿದಳು. ಮಂಜನ್ನು ತಿಳಿ ಮಾಡಿದಳು. ಗುದ್ದುವ ಕ್ಷಣವನ್ನು ನಿಧಾನಗೊಳಿಸಿದಳು. ಕೆಂಪು ವೃತ್ತ ಎಳೆದು 'ಇಲ್ಲಿ' ಎಂದು ಬರೆದಳು. ಮೂರು ಗಂಟೆಗೆ ಚಿಕ್ಕಮ್ಮ ಬಂದಾಗ ವಿಡಿಯೋ ಸಿನಿಮಾದಷ್ಟು ಚೆನ್ನಾಗಿತ್ತು. ಕಾರ್ಡನ್ನು ಒರೆಸಿ, ಲಕೋಟೆಯಲ್ಲಿಟ್ಟು, ಎರಡೂ ಕೈಯಿಂದ ಕೊಟ್ಟಳು.

ಚಿಕ್ಕಮ್ಮ ಹೊರಗೆ ಬಂದಾಗ ನಾನು ಬಾಗಿಲ ಬಳಿಯೇ ಇದ್ದೆ. "ಆ ಹುಡುಗಿ ಕೈ ಚಿನ್ನ," ಎಂದು ನನ್ನ ಬೆನ್ನು ತಟ್ಟಿ ಹೋದರು. ಹೇಳಬೇಕಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಆ 'ಚಿನ್ನ' ಅದನ್ನು ಒಳಕ್ಕೆ ತಳ್ಳಿತು. ಮೂರು ದಿನ ತಾನೇ, ಎಂದುಕೊಂಡೆ. ಶನಿವಾರ ಎಲ್ಲ ಸರಿಮಾಡುತ್ತೇನೆ. ಪೊಲೀಸ್ ಕೆಲಸ ಮೂರು ದಿನದಲ್ಲಿ ಎಲ್ಲಿ ಮುಗಿಯುತ್ತದೆ?

ಶುಕ್ರವಾರ ಹನ್ನೊಂದಕ್ಕೆ ಚಿಕ್ಕಮ್ಮ ಮತ್ತೆ ಬಂದರು. ಕೂರಲಿಲ್ಲ. ಕೈಯಲ್ಲಿ ಮಡಚಿದ ಕಾಗದವಿತ್ತು.

"ಪೊಲೀಸಿನವ್ರು ಇದನ್ನ ಒಪ್ಪಲ್ಲ ಅಂದ್ರು. ಬಣ್ಣ ಬಳಿದಿದೆ, ನಿಧಾನ ಮಾಡಿದೆ, ತಿದ್ದಿದ್ದು ನಮಗೆ ಬೇಡ, ಮೂಲ ತನ್ನಿ ಅಂದ್ರು. ನಿಧಾನ ಮಾಡಿದ್ದಕ್ಕೆ ನಾನೇ ಗಕ್ಕಂತ ತಿರುಗಿಸಿದಂಗೆ ಕಾಣುತ್ತಂತೆ! ಕಾರ್ಡು ನೋಡಿದ್ರೆ ಅದರಲ್ಲಿ ಬುಧವಾರದ ಬೆಳಿಗ್ಗೆನೇ ಇಲ್ಲ. ಮೂಲ ನಿಮ್ಮತ್ರ ಇದೆ ತಾನೇ ಮಗಳೇ?"

ಸೇಜಿನ್ ಎದ್ದು ನಿಂತಳು. ತುಟಿ ಬಿಳಿಯಾಯಿತು.

"ನಾನು... ಕಾರ್ಡಿಂದಾನೇ ನೇರವಾಗಿ ಮಾಡ್ದೆ. ಆಮೇಲೆ ಫಾರ್ಮ್ಯಾಟ್ ಮಾಡ್ದೆ. ಪುಸ್ತಕದಲ್ಲಿ ಹಾಗೇ ಇತ್ತು."

"ಫಾರ್ಮ್ಯಾಟ್ ಮಾಡ್ದೆ ಅಂದ್ರೆ?"

"ಅಳಿಸಿಹೋಗಿದೆ ಚಿಕ್ಕಮ್ಮ."

ಚಿಕ್ಕಮ್ಮ ಕೈಯಲ್ಲಿದ್ದ ಕಾಗದವನ್ನು ಬಿಡಿಸಿದರು. "ತಪ್ಪು ನಂದೇ ಅಂತ ಬರ್ಕೊಟ್ರೆ ಟ್ಯಾಕ್ಸಿ ಕಂಪನಿಯವ್ರು ಬೇಗ ಮುಗಿಸ್ತಾರಂತೆ. ಮೂರು ಗಂಟೆಗೆ ಕೊಡ್ಬೇಕು. ನಾನು ಸಹಿ ಹಾಕಿದ್ದೂ ಆಗಿದೆ. ಮೂಲ ಸಿಕ್ರೆ ಹರಿದು ಹಾಕೋಣ ಅಂತ ಇಲ್ಲಿಗೆ ಬಂದೆ."

ಯಜಮಾನರ ಕಿವಿ ಕೆಂಪಾಗಿತ್ತು. "ಸೇಜಿನ್! ಕಲಿತು ಬಂದಿರೋದು ಇದನ್ನೇನಾ? ಮದುವೆ ವಿಡಿಯೋ ಅಲ್ಲ ಇದು, ಇನ್ನೊಂದ್ಸಲ ಹಾರ ಹಾಕಿ ಅನ್ನೋಕೆ! ಒಂದು ನಕಲು ಇಟ್ಕೋಬೇಕು ಅನ್ನೋ ಬುದ್ಧಿ ಬೇಡ್ವಾ?"

ಅವಳು ಹಾಗೆ ಬೈಸಿಕೊಳ್ಳುವುದನ್ನು ನೋಡಬೇಕೆಂದು ಐದು ದಿನದಿಂದ ಕಾದಿದ್ದೆ. ನೋಡಿದೆ. ಆದರೆ ನನ್ನ ಕಣ್ಣು ಕ್ಯಾಲೆಂಡರಿನ ಗೀಟುಗಳಂತೆ ಅಡ್ಡಾದಿಡ್ಡಿಯಾಗಿದ್ದ ಆ ಸಹಿಯ ಮೇಲೆ ನಿಂತಿತ್ತು.

"ನನ್ನ ಹತ್ರ ಇದೆ," ಎಂದೆ.

ಯಾರಿಗೂ ಕೇಳಿಸಲಿಲ್ಲ. ಕೋಟಿನ ಜೇಬಿನಿಂದ ಪೆನ್‌ಡ್ರೈವ್ ತೆಗೆದು, ನಡುವೆ ನುಗ್ಗಿ, ಕುರ್ಚಿಯಲ್ಲಿ ಕೂತೆ. ಕಾಲು ಗಾಳಿಯಲ್ಲೇ ತೂಗಾಡುತ್ತಿತ್ತು. ಫೈಲು ತೆರೆದೆ. ಎರಡು ಕಣ್ಣೂ ಅಕ್ಕಪಕ್ಕ ಬಿಚ್ಚಿಕೊಂಡವು. ಮೂವರೂ ನನ್ನ ಹಿಂದೆ ಬಗ್ಗಿದರು. ಮಂಜು ಕಿತ್ತಳೆಯಾಯಿತು, ಆರಿತು, ಮತ್ತೆ ಕಿತ್ತಳೆಯಾಯಿತು.

"ಇಂಡಿಕೇಟರ್!" ಚಿಕ್ಕಮ್ಮ ನನ್ನ ಭುಜವನ್ನು ಉಗುರು ಊರುವಂತೆ ಹಿಡಿದರು. "ನನ್ನ ಇಂಡಿಕೇಟರ್ ಕಣ್ರೋ ಅದು!"

"ಏಳು ಸಲ," ಎಂದೆ.

"ನೋಡಿದ್ಯಾ ಸೇಜಿನ್, ಅನುಭವ ಅಂದ್ರೆ ಇದು," ಎಂದರು ಯಜಮಾನರು. "ಹಿಂದಿನ ಕಣ್ಣು ಅದೇ ಫೈಲಿನೊಳಗೇ ಇತ್ತು! ಶನಿವಾರದ ತನಕ ಯಾಕೆ, ಈಗ್ಲೇ ಹೇಳ್ತೀನಿ, ಬೋರಾದೇ ಇರ್ಲಿ. ಬಾಡಿಗೆ ಸಾಫ್ಟ್‌ವೇರ್ ಬೇಡ. ಗೊತ್ತಿಲ್ದಿದ್ರೆ ಬೋರಾನ ಒಂದು ಮಾತು ಕೇಳೋಕೇನಾಗಿತ್ತು ನಿನಗೆ?"

ಸೇಜಿನ್ ಪರದೆಯನ್ನು ನೋಡುತ್ತಿದ್ದಳು. ಚಿತ್ರವನ್ನಲ್ಲ, ಪಕ್ಕದಲ್ಲಿದ್ದ ಫೈಲುಗಳ ಪಟ್ಟಿಯನ್ನು. ಪ್ರತಿ ಹೆಸರಿನ ಮುಂದೂ ನಕಲಾದ ಹೊತ್ತು ಇತ್ತು: ಬುಧವಾರ, ಹನ್ನೆರಡು ಐವತ್ತೆಂಟು. ಅವಳು ನನ್ನನ್ನು ಕೇಳಿದ್ದು ಎರಡು ಗಂಟೆ ಹೊಡೆದ ಮೇಲೆ. ಅವಳ ಉಸಿರು ನನ್ನ ಕಿವಿಯ ಬಳಿ ಒಂದು ಕ್ಷಣ ನಿಂತದ್ದು ನನಗೆ ಗೊತ್ತಾಯಿತು. ಈಗ ಹೇಳುತ್ತಾಳೆ ಎಂದುಕೊಂಡೆ.

"ಕೇಳ್ಬೇಕಿತ್ತು ಚಿಕ್ಕಪ್ಪ. ತಪ್ಪಾಯ್ತು," ಎಂದಳು.

ನನಗೆ ಅವಳ ಎತ್ತರದ ಮೇಲೆ, ಕಾಲೇಜಿನ ಮೇಲೆ, ನಗುವಿನ ಮೇಲೆ ಹೊಟ್ಟೆಯುರಿ ಇತ್ತು. ಆದರೆ ಆ ಗಳಿಗೆಯ ಉರಿಯ ಮುಂದೆ ಅದೆಲ್ಲ ಏನೂ ಅಲ್ಲ. ಬಾಯಿ ಮುಚ್ಚಿಕೊಂಡಿರುವುದು ಒಂದೇ ನನ್ನ ಸ್ವಂತ ವಿದ್ಯೆ ಎಂದುಕೊಂಡಿದ್ದೆ. ಅದರಲ್ಲೂ ಅವಳು ನನ್ನನ್ನು ಮೀರಿಸಿದಳು. ನಾನು ಬಾಯಿ ಮುಚ್ಚಿದ್ದು ಅವಳನ್ನು ಬೀಳಿಸಲು, ಅವಳು ಮುಚ್ಚಿದ್ದು ನನ್ನನ್ನು ಉಳಿಸಲು. ಇಷ್ಟನ್ನೂ ಅವಳಿಗೇ ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

"ಅಕ್ಕ ಕೇಳಿದ್ರು," ಎಂದೆ.

ಯಜಮಾನರು ತಿರುಗಿದರು. "ಏನು?"

"ಬುಧವಾರಾನೇ ಅಕ್ಕ ನನ್ನ ಕೇಳಿದ್ರು. ನನಗೆ ಗೊತ್ತಿತ್ತು. ಅವ್ರಿಗಿಂತ ಮೊದ್ಲೇ ನೋಡಿದ್ದೆ. ಹೇಳಲಿಲ್ಲ. ಪುಸ್ತಕದ ಮೊದಲ್ನೇ ಪುಟಾನೂ ತೋರಿಸ್ಲಿಲ್ಲ. ಶನಿವಾರ ತೋರ್ಸೋಣ ಅಂತ ಇಟ್ಕೊಂಡಿದ್ದೆ."

ಅಷ್ಟು ಉದ್ದದ ಮಾತನ್ನು ಆ ಅಂಗಡಿಯಲ್ಲಿ ನಾನು ಎಂದೂ ಆಡಿರಲಿಲ್ಲ. ಚಿಕ್ಕಮ್ಮ ನನ್ನ ಭುಜದಿಂದ ಕೈ ತೆಗೆದರು.

"ಎರಡು ರಾತ್ರಿ ನಿದ್ದೆ ಮಾಡಿಲ್ಲ ನಾನು," ಎಂದರು ಮೆಲ್ಲಗೆ. "ನಿನ್ನೆ ಊಟದ ಮುಂದೆ ಕೂತು ಅತ್ತಿದ್ದೀನಿ, ಗೊತ್ತಾ? ಈ ಹೊಟ್ಟೆಕಿಚ್ಚಿಗೆ ನಾನೇ ಸಿಕ್ಕಿದ್ನಾ ಒಲೆ?"

ನಾನು ಕ್ಷಮೆ ಕೇಳುತ್ತ ತಲೆ ಬಗ್ಗಿಸಿದೆ.

"ಆಮೇಲೆ ಬಗ್ಗು. ಬೈಯೋದು ಬೇಕಾದಷ್ಟಿದೆ. ಮೊದ್ಲು ಅದನ್ನ ಹಾಕ್ಕೊಡು. ಮೂರು ಗಂಟೆಯೊಳಗೆ ಬೇಕು."

ಕೆಲಸ ಶುರುವಾಯಿತು. ಮೂಲವನ್ನು ಮುಟ್ಟದೆ ಹಾಗೇ ಒಂದು ಪೆನ್‌ಡ್ರೈವಿಗೆ ಹಾಕಿದೆ. ನನ್ನ ಬೂದು ಮುದುಕನಲ್ಲಿ ಹಿಂದಿನ ಕಣ್ಣನ್ನು ಮಡಿಕೆಯಿಂದ ಬಿಡಿಸಿ ತೆಗೆದೆ. ಮುದುಕ ಎಂದಿನಂತೆ ತೆವಳುತ್ತಿದ್ದ. ಹನ್ನೆರಡೂವರೆ ಆಯಿತು. ಸೇಜಿನ್ ಹಿಂದೆ ನಿಂತು ನೋಡುತ್ತಿದ್ದವಳು, "ಏಳು, ಇದು ನಂದು," ಎಂದಳು. ಎದ್ದೆ. ಎರಡು ಕಣ್ಣನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಜೋಡಿಸಿ, ಸಮಯ ಹೊಂದಿಸಿ, ದಾರಿಹೋಕರ ಮುಖಗಳಿಗೆ ತೇಪೆ ಹಾಕಿ, ಇಪ್ಪತ್ತು ನಿಮಿಷದಲ್ಲಿ ಮುಗಿಸಿದಳು. ಕೆಂಪು ವೃತ್ತ ಎಳೆಯಲಿಲ್ಲ. ಅವಳು ನನ್ನನ್ನು 'ಏಳಿ' ಎನ್ನದೆ 'ಏಳು' ಎಂದದ್ದು ನನಗೆ ಆಮೇಲೆ ನೆನಪಾಯಿತು. ಅಕ್ಕ ಅನ್ನಿಸಿಕೊಂಡವರು ಹಾಗೆಯೇ ಮಾತಾಡುವುದು.

ಒಂದೂವರೆಗೆ ಚಿಕ್ಕಮ್ಮ ಸಹಿ ಹಾಕಿದ್ದ ಕಾಗದವನ್ನು ನಮ್ಮ ಕಸದ ಬುಟ್ಟಿಗೇ ಹರಿದು ಹಾಕಿ ಹೋದರು.

ಶನಿವಾರ ಯಜಮಾನರು ಆರಿಸಿದ್ದು ಎರಡನ್ನೂ. ತೆರೆಯುವುದು, ನಕಲು ಮಾಡುವುದು, ಬಿಡಿಸುವುದು ಹಳೆಯದರಲ್ಲಿ. ಕತ್ತರಿಸುವುದು, ಮರೆಸುವುದು ಹೊಸದರಲ್ಲಿ. ಕುರ್ಚಿಯ ವಿಷಯಕ್ಕೆ ಬಂದಾಗ ನನ್ನ ಮುಖ ನೋಡದೆ, "ಒಂದು ತಿಂಗ್ಳು ನೀನು ಹೊರಗೆ ವೈರು ಎಳಿ," ಎಂದರು. ಬೈಯಲಿಲ್ಲ. ಮೀನಿನ ರೊಟ್ಟಿಯನ್ನೂ ತರಲಿಲ್ಲ.

ಮೂರು ವಾರದ ಮೇಲೆ ಮ್ಯಾಂಗ್ ಚಿಕ್ಕಮ್ಮ ಬಂದರು. ತಪ್ಪು ಅವರದಲ್ಲ ಎಂದು ತೀರ್ಮಾನವಾಗಿತ್ತು, ಕ್ಯಾಲೆಂಡರಿನ ಗೀಟು ಮುಂದುವರಿದಿತ್ತು. ಕೈಯಲ್ಲಿ ಹಣ್ಣಿನ ರಸದ ಬಾಟಲಿಗಳ ಎರಡು ಡಬ್ಬಿ. ಒಂದನ್ನು ಸೇಜಿನ್‌ಗೆ ಕೊಟ್ಟರು. ಇನ್ನೊಂದನ್ನು ನನ್ನ ಕಣ್ಣ ಮುಂದೆಯೇ ವಾಪಸು ಟ್ಯಾಕ್ಸಿಯಲ್ಲಿಟ್ಟುಕೊಂಡರು.

"ಇದು ನಿಂದು. ಎರಡು ದಿನ ಬಿಟ್ಟು ಕೊಡ್ತೀನಿ."

ಸರಿಯಾಗಿ ಎರಡು ದಿನ ಬಿಟ್ಟು ತಂದುಕೊಟ್ಟರು.

ಒಂದು ಬಾಟಲಿ ಕೈಯಲ್ಲಿ ಹಿಡಿದು ಒಳಗೆ ಹೋದಾಗ ಸೇಜಿನ್ ಇರಲಿಲ್ಲ. ಮೇಜಿನ ಮೇಲೆ ನನ್ನ ಸುರುಳಿ ಪುಸ್ತಕ ತೆರೆದಿತ್ತು. ಇಡೀ ಪುಸ್ತಕವನ್ನು ಅವಳಿಗೆ ಕೊಟ್ಟಿದ್ದೆ. ಮೊದಲ ಪುಟದಲ್ಲಿ, ನಕಲು ಮಾಡಿಟ್ಟುಕೊಳ್ಳಬೇಕೆಂಬ ನನ್ನ ಸಾಲಿನ ಮೇಲೆ, ಅವಳು ಇನ್ನೊಂದು ಸಾಲು ಸೇರಿಸಿದ್ದಳು: ಗೊತ್ತಿಲ್ಲದಿದ್ದರೆ ಬೋರಾಳನ್ನು ಎರಡು ಸಲ ಕೇಳುವುದು.

ನಿಂತುಕೊಂಡೇ ಬಹಳ ಹೊತ್ತು ಅದನ್ನು ನೋಡಿದೆ. ಅವಳ ಅಕ್ಷರ ನನ್ನದಕ್ಕಿಂತ ಎಷ್ಟೋ ದುಂಡಗಿತ್ತು.